ಬೀಗರ ಲಾರಿಯ ನಟ್ಟು

ಕಬ್ಬಿಣದ ಮುಂದೆ ಸೋತವನಲ್ಲ ಶಾಮೆನ್. ಒದೆಯುವ ಕುದುರೆಗೆ ಲಾಳ ಹೊಡೆಯುವುದಿರಲಿ, ಬಿರುಕು ಬಿಟ್ಟ ಕಡಾಯಿಗೆ ತೇಪೆ ಹಾಕುವುದಿರಲಿ, ಬೇಸಿಗೆಯ ಆ ಬೆಟ್ಟದ ಹುಲ್ಲುಗಾವಲಿನಲ್ಲಿ ಎಲ್ಲರೂ ಹುಡುಕಿಕೊಂಡು ಬರುತ್ತಿದ್ದುದು ಅವನ ಗುಡಾರವನ್ನೇ. "ಕಬ್ಬಿಣಕ್ಕೆ ಬುದ್ಧಿ ಇಲ್ಲ, ನಮಗಿದೆ. ಅಷ್ಟೇ ವ್ಯತ್ಯಾಸ" ಎಂದು ಅವನು ಎಲ್ಲರಿಗೂ ಹೇಳುತ್ತಿದ್ದ. ಹೆಂಡತಿ ಬುರುಲ್ ಈ ಮಾತಿನ ಅರ್ಧವನ್ನಷ್ಟೇ ಒಪ್ಪುತ್ತಿದ್ದಳು.

ಇಂಥವನ ಗುಡಾರದ ಮುಂದೆ ಬೀಗ ತೋಕೋಯ್‌ನ ಹಳೇ ಲಾರಿ ಹಿಂದಿನ ಎಡಗಾಲಿಯ ಗಾಳಿ ಹೋಗಿ ಕುಂಟುತ್ತ ಬಂದು ನಿಂತುಬಿಟ್ಟಿತು.

ತೋಕೋಯ್ ಬಂದದ್ದು ಮಗಳು ಜಿಪಾರ್‌ಳನ್ನೂ ಅವಳ ಹಸುಗೂಸನ್ನೂ ನೋಡಲು. ಶಾಮೆನ್‌ನ ಮಗನಿಗೆ ಕೊಟ್ಟ ಮೇಲೆ ಅವನು ಮಗಳ ಮುಖ ನೋಡಿದ್ದೇ ಈಗ. ನಡುವೆ ದೊಡ್ಡ ಕಣಿವೆ, ಹಿಮ ಕರಗಿದಾಗ ಮಾತ್ರ ದಾರಿ. ಅಳಿಯ ಕೆಳಗಿನ ಊರಿಗೆ ಹುಲ್ಲು ಕೊಯ್ಯಲು ಹೋಗಿದ್ದ. ಹೆಣ್ಣು ಕೊಟ್ಟ ಅಪ್ಪ ಬೀಗರ ಮನೆಯಲ್ಲಿ ಒಂದು ರಾತ್ರಿ ಇರಬಹುದು. ಅದಕ್ಕಿಂತ ಹೆಚ್ಚು ಇದ್ದರೆ, "ಪಾಪ, ಮುದುಕ ಕೊಟ್ಟ ಮಗಳನ್ನ ವಾಪಸ್ ಕೇಳೋಕೆ ಬಂದಿದಾನೆ" ಎಂದು ಇಡೀ ಬೆಟ್ಟ ಆಡಿಕೊಳ್ಳುತ್ತದೆ. ಲಾರಿ ಕೆಟ್ಟು ನಿಂತರೆ ಮಾತ್ರ ಯಾರೂ ಏನೂ ಅನ್ನುವಂತಿಲ್ಲ.

"ಗಾಲಿ ಬಿಚ್ಚೋ ಪಾನಾ ಘಾಟಿಯಲ್ಲಿ ಎಲ್ಲೋ ಬಿದ್ದೋಯ್ತು ಬೀಗರೇ" ಎಂದು ತೋಕೋಯ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಹಾಳು ರಸ್ತೆ."

"ಪಾನಾ ಹೋದ್ರೆ ಹೋಗ್ಲಿ ಬಿಡಿ, ನಾನಿಲ್ವಾ!" ಎಂದ ಶಾಮೆನ್. ಅವನು ಎದೆ ಉಬ್ಬಿಸಿ ಹೇಳಿದ ಈ ಮಾತಿಗೆ ಆಮೇಲೆ ತೆತ್ತದ್ದು ಕುರಿಗಳು.

ಬೀಗರು ಮನೆಯಲ್ಲಿದ್ದಾರೆ ಎಂದರೆ ಕುರಿ ಬೀಳಲೇಬೇಕು. ಕುರಿಯನ್ನು ಬಾಗಿಲಿಗೆ ತಂದು ನಿಲ್ಲಿಸಬೇಕು. ಬೀಗರು ಎರಡೂ ಅಂಗೈ ಮೇಲೆತ್ತಿ ಹರಸಬೇಕು, ಹರಸಿ "ಓಮಿನ್", ಅಂದರೆ ಹಾಗೇ ಆಗಲಿ, ಎಂದು ಮುಖ ಸವರಿಕೊಳ್ಳಬೇಕು, ಆಮೇಲೆ ಕತ್ತಿ. ಬೆಂದ ತಲೆ ಬೀಗರ ಮುಂದೆ, ಉಳಿದದ್ದು ಸುತ್ತಲ ಗುಡಾರದವರ ಮುಂದೆ. ಬೀಗರನ್ನು ನೋಡುವ ನೆಪದಲ್ಲಿ ಅವರೆಲ್ಲ ಮೂಗಿಗೆ ವಾಸನೆ ಬಡಿದ ತಕ್ಷಣ ಕುದುರೆ ಏರಿ ಬರುತ್ತಿದ್ದರು. ಬೆಳಗಾದರೆ ಹಂಡೆ ಖಾಲಿ.

ಶಾಮೆನ್‌ನ ಬಳಿ ಕುರಿಯ ದೊಡ್ಡ ಹಿಂಡೇ ಇತ್ತು, ಆದರೆ ಅದು ಊರವರದು. ಕಾಯುವುದಷ್ಟೇ ಅವನ ಕೆಲಸ. ಸ್ವಂತದ್ದು ಬೆರಳೆಣಿಕೆಯವು, ಅವುಗಳಲ್ಲಿ ಕಾಶ್ಕಾ ಒಂದು. ಕಾಶ್ಕಾ ಎಂದರೆ ಹಣೆಯ ಮೇಲೆ ಬಿಳಿ ಮಚ್ಚೆಯಿದ್ದ ಬೀಜದ ಟಗರು. ತಾಯಿ ಸತ್ತಾಗ ಶಾಮೆನ್ ಅದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸಿ, ತನ್ನ ಕೋಟಿನೊಳಗೆ ಮಲಗಿಸಿಕೊಂಡು ಸಾಕಿದ್ದ. ಈಗಲೂ ಅದು ಅವನ ಹಿಂದೆಯೇ ನಡೆಯುತ್ತಿತ್ತು, ಅವನು ಕೂತರೆ ಕೂರುತ್ತಿತ್ತು. "ನನ್ ಮೇಲೆ ಇಷ್ಟು ಪ್ರೀತಿ ಇಟ್ಟಿದ್ರೆ ನಾನೂ ಕೊಬ್ಬಿರ್ತಿದ್ದೆ" ಎನ್ನುತ್ತಿದ್ದಳು ಬುರುಲ್.

ಬೀಗರು ಬಂದ ದಿನವೇ ಒಂದು ಕುರಿ ಬಿತ್ತು. ಮರುದಿನ ಶಾಮೆನ್ ಕುಲುಮೆ ಹೂಡಿದ.

ಹಳೇ ಪಂಪಿನದೊಂದು ದಪ್ಪ ಪೈಪಿನ ತುಂಡು ಅವನ ಸಾಮಾನಿನ ಚೀಲದಲ್ಲಿತ್ತು. ತೋಕೋಯ್ ಲಾರಿಯೊಳಗಿಂದ ಅದೇ ಅಳತೆಯ ಹಳೇ ನಟ್ಟೊಂದನ್ನು ಹುಡುಕಿ ತಂದುಕೊಟ್ಟ. ಪೈಪಿನ ಬಾಯನ್ನು ಕೆಂಪಗೆ ಕಾಯಿಸಿ, ಆ ನಟ್ಟನ್ನು ಒಳಗಿಟ್ಟು, ಸುತ್ತ ಬಡಿದು ಬಡಿದು ಪೈಪಿಗೆ ಆರು ಮೂಲೆ ಬರಿಸುವುದು ಶಾಮೆನ್‌ನ ಲೆಕ್ಕ. ತೋಕೋಯ್ ತಿದಿ ಒತ್ತಿದ, ಇಕ್ಕಳ ಹಿಡಿದ, "ಭೇಷ್, ಭೇಷ್" ಎಂದ. ಸಾಯಂಕಾಲದ ಹೊತ್ತಿಗೆ ನಟ್ಟಿಗೆ ಸರಿಯಾಗಿ ಕೂರುವ ಪಾನಾ ತಯಾರಾಯಿತು. ಇನ್ನೊಂದು ತುದಿಯಲ್ಲಿ ಎದುರುಬದುರಾಗಿ ಎರಡು ತೂತು, ಹಿಡಿ ತೂರಿಸಲು.

"ಹಿಡಿ ಯಾವುದು?" ಎಂದು ಕೇಳಿದ ತೋಕೋಯ್.

ಶಾಮೆನ್ ಸುತ್ತ ನೋಡಿದ. ಗುಡಾರದ ನೆತ್ತಿಯ ಹೊಗೆಗಂಡಿಯ ಮೇಲಿನ ಕಂಬಳಿ ಎತ್ತುವ, ಮುಚ್ಚುವ ಉದ್ದನೆಯ ಕೋಲು ಕಣ್ಣಿಗೆ ಬಿತ್ತು.

"ಅದನ್ನ ಮುಟ್ಟಿದ್ರೆ ನೋಡಿ!" ಎಂದಳು ಒಳಗಿನಿಂದಲೇ ಬುರುಲ್.

ಮುಟ್ಟಿದ. ಪಾನಾವನ್ನು ನಟ್ಟಿಗೆ ಕೂರಿಸಿ, ಕೋಲನ್ನು ಎಡಕ್ಕೆ ಚಾಚುವಂತೆ ತೂರಿಸಿ, ಬೀಗರಿಬ್ಬರೂ ಅದರ ಮೇಲೆ ಜೋತುಬಿದ್ದರು. ನಟ್ಟು ಕದಲಲಿಲ್ಲ. ಕೋಲು ಲಟಕ್ಕೆಂದು ಮುರಿದು ಇಬ್ಬರೂ ಒಬ್ಬರ ಮೇಲೊಬ್ಬರು ಉರುಳಿದರು. ಕತ್ತಲಾಗುವ ಮೊದಲೇ ಮಳೆ ಬಂತು. ಹೊಗೆಗಂಡಿ ಮುಚ್ಚಲು ಕೋಲಿಲ್ಲ. ಮಳೆ ನೇರವಾಗಿ ಒಲೆಗೆ, ಹಂಡೆಗೆ, ಬುರುಲ್‌ಳ ನೆತ್ತಿಗೆ ಬಿತ್ತು.

"ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು! ನಟ್ಟು ಬಿಚ್ಚೋಕೆ ಹೋಗಿ ಮನೆ ಬಿಚ್ಚಿದ್ರಲ್ರೀ!" ಎಂದು ಅವಳು ಗಂಡನಿಗೆ ಮಾತ್ರ ಕೇಳಿಸುವಂತೆ ಹಲ್ಲು ಕಡಿದಳು. ಬೀಗರ ಕಡೆ ತಿರುಗಿ, "ಇನ್ನೊಂದು ತುಂಡು ತಗೊಳ್ಳಿ ಬೀಗರೇ, ಏನೂ ತಿಂದೇ ಇಲ್ವಲ್ಲ ನೀವು" ಎಂದು ಜೇನಿನಂಥ ದನಿಯಲ್ಲಿ ಉಪಚಾರ ಮಾಡಿದಳು. ಹಂಡೆಯಲ್ಲಿದ್ದದ್ದು ಎರಡನೆಯ ಕುರಿ.

ಮೂಲೆಯಲ್ಲಿ ಮಗುವಿಗೆ ಹಾಲೂಡುತ್ತಿದ್ದ ಜಿಪಾರ್ ತಲೆ ಎತ್ತಲಿಲ್ಲ. ಮಾವನ ಎದುರು ಸೊಸೆ ದನಿ ಎತ್ತುವುದು ಅಲ್ಲಿನ ಪದ್ಧತಿಯಲ್ಲ. ಅವಳು ಮದುವೆಯಾಗಿ ಬಂದಾಗಿನಿಂದ ಶಾಮೆನ್ ಅವಳ ಬಾಯಲ್ಲಿ "ಹೂಂ ಮಾವ" ಬಿಟ್ಟು ಬೇರೆ ಮಾತು ಕೇಳಿರಲಿಲ್ಲ. ಹುಡುಗಿ ಮೂಗಿಯಂತೆ ಇದ್ದಾಳೆ, ಒಳ್ಳೆಯದೇ ಆಯಿತು, ಮನೆಯಲ್ಲಿ ಮಾತಾಡಲು ಒಬ್ಬಳು ಸಾಕು ಎಂದುಕೊಂಡಿದ್ದ.

ಆಮೇಲೆ ಕೋಲಿನ ಬದಲು ಹಾರೆ ಬಂತು. ಹಾರೆ ಗಿಡ್ಡವಾಯಿತೆಂದು ಅದರ ತುದಿಗೆ ಇನ್ನೊಂದು ಪೈಪ್ ಸಿಕ್ಕಿಸಿದ್ದಾಯಿತು. ಪಾನಾದ ಮೂಲೆ ಸವೆಯಿತೆಂದು ಮತ್ತೆ ಕಾಯಿಸಿ ಬಡಿದದ್ದಾಯಿತು. ನೋಡಲು ಬಂದ ಕುದುರೆಯವರು ಒಬ್ಬೊಬ್ಬರೂ ಒಂದೊಂದು ಸಲಹೆ ಕೊಟ್ಟರು. ಅವರಲ್ಲಿ ಲಾರಿ ಓಡಿಸಿದವನು ಒಬ್ಬನೂ ಇರಲಿಲ್ಲ. ಆ ಬಯಲಿನಲ್ಲಿ ಲಾರಿ ಗೊತ್ತಿದ್ದವನು ತೋಕೋಯ್ ಮಾತ್ರ, ಅವನೋ "ನೀವು ಹೇಳಿದ್ ಹಾಗೆ ಬೀಗರೇ" ಎನ್ನುತ್ತ ಹಾರೆಯ ಮೇಲೆ ಕೋಳಿ ಕೂತಷ್ಟೇ ಭಾರ ಬಿಡುತ್ತಿದ್ದ. ಎರಡು ಸಲ ಒತ್ತಿ, ಸೊಂಟ ಹಿಡಿದುಕೊಂಡು, "ಸ್ವಲ್ಪ ಮಗು ನೋಡ್ಕೊಂಡ್ ಬರ್ತೀನಿ" ಎಂದು ಒಳಗೆ ಹೋಗಿಬಿಡುತ್ತಿದ್ದ.

ನಟ್ಟು ಮಾತ್ರ ಹುಟ್ಟಿದಾಗಿನಿಂದ ಅಲ್ಲೇ ಇದ್ದಂತೆ ಕೂತಿತ್ತು. ಕುರಿಗಳು ಮುಗಿಯುತ್ತ ಬಂದವು.

"ನಾಳೆಗೆ ಏನಿದೆ ಗೊತ್ತಾ?" ಎಂದಳು ಬುರುಲ್ ಒಂದು ಬೆಳಿಗ್ಗೆ, ಕುದುರೆ ಹಾಲು ಕಡೆಯುತ್ತ. "ನಾಳೆಗೆ ನಿಮ್ಮ ದತ್ತು ಮಗನೇ."

"ಊರವರದ್ದು ಒಂದು ಸಾಲ ತಗೊಂಡ್ರೆ..."

"ತಗೊಳ್ಳಿ. ಕುರಿಗಾಹಿ ಊರ ಕುರಿ ತಿಂದ ಅಂತ ಮೊಮ್ಮಗ ದೊಡ್ಡವನಾದ್ಮೇಲೂ ಅವನ ಮುಖಕ್ಕೆ ಹೇಳ್ತಾರೆ. ಇಲ್ಲ, ಬೀಗರಿಗೆ ಹೇಳಿ, ಗಂಜಿ ಕುಡ್ಕೊಂಡಿರಿ ಅಂತ."

ಎರಡೂ ಆಗದ ಮಾತು. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಹೊರಗೆ ಕಾಶ್ಕಾ ಶಾಮೆನ್‌ನ ಕೋಟಿನ ಜೇಬಿಗೆ ಮೂಗು ತೂರಿಸಿ ಉಪ್ಪು ಹುಡುಕಿತು. ಅವನು ಅದರ ತಲೆ ಸವರಿದ. ಇವತ್ತು ಆ ನಟ್ಟೋ ನಾನೋ, ಎರಡರಲ್ಲೊಂದು ಎಂದು ಹೊರಟ.

ಒಬ್ಬನೇ ಇದ್ದ. ಬೀಗರು ಬಾಗಿಲ ಬಳಿ ಬಿಸಿಲಿಗೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದರು. ಶಾಮೆನ್ ಎಡಕ್ಕೆ ಚಾಚಿದ ಹಾರೆಯ ಮೇಲೆ ಹತ್ತಿ ಕುಣಿದ, ಬೈದ, ನಟ್ಟಿನ ತಾಯಿತಂದೆಯರನ್ನು ನೆನೆದ. ಕೊನೆಗೆ ಏದುಸಿರು ಬಿಡುತ್ತ ಕೆಳಗಿಳಿದು, ಸಿಟ್ಟಿನಲ್ಲಿ ಹಾರೆಗೊಂದು ಒದ್ದ. ಹಾರೆ ತೂತಿನಲ್ಲಿ ಜಾರಿ ಬಲಕ್ಕೆ ಉದ್ದವಾಗಿ ಚಾಚಿಕೊಂಡಿತು. "ಹಾಳಾಗ್ಹೋಗು" ಎಂದು ಅವನು ಸುಧಾರಿಸಿಕೊಳ್ಳಲು ಅದರ ಮೇಲೆಯೇ ಕುಂಡಿ ಊರಿದ.

ಕಿರ್ ಎಂದು ಸದ್ದಾಯಿತು. ಹಾರೆ ಅವನನ್ನು ಮೆಲ್ಲಗೆ, ಮರ್ಯಾದೆಯಿಂದ, ನೆಲದ ಮೇಲೆ ಕೂರಿಸಿತು.

ಶಾಮೆನ್ ಕೂತಲ್ಲಿಂದಲೇ ನಟ್ಟನ್ನು ನೋಡಿದ. ಪಾನಾ ತೆಗೆದು ಬೆರಳಿನಲ್ಲಿ ಮುಟ್ಟಿದ. ಸಡಿಲವಾಗಿತ್ತು. ಪಕ್ಕದ ನಟ್ಟಿಗೆ ಪಾನಾ ಹಾಕಿ ಹಾರೆಯನ್ನು ಬಲಕ್ಕೆ ಚಾಚಿ ಒತ್ತಿದ. ಅದೂ ಬೆಣ್ಣೆಯಂತೆ ತಿರುಗಿತು. ಈ ಲಾರಿಯ ಎಡಗಾಲಿಯ ನಟ್ಟುಗಳೆಲ್ಲ ಉಲ್ಟಾ ತಿರುಗುವಂಥವು! ಇಷ್ಟು ದಿನ ತಾವು ಬಿಚ್ಚುತ್ತಿರಲಿಲ್ಲ, ಜೀವ ಹೋಗುವಂತೆ ಬಿಗಿಯುತ್ತಿದ್ದರು.

ಅವನ ಮೈಯೆಲ್ಲ ಉರಿಯಿತು. ತನಗೆ ಗೊತ್ತಿಲ್ಲ, ಸರಿ. ಆದರೆ ಜೀವಮಾನವಿಡೀ ಇದೇ ಲಾರಿ ಓಡಿಸಿದವನಿಗೆ? ಕೋಲು ಮುರಿಯುವಾಗ, ಕುರಿಗಳು ಒಂದೊಂದಾಗಿ ಹಂಡೆಗೆ ಬೀಳುವಾಗ, ಈ ಮುದುಕ ಬಾಯಿ ಮುಚ್ಚಿಕೊಂಡು ಕೂತಿದ್ದನೇ! ಶಾಮೆನ್ ಹಾರೆ ಹಿಡಿದೇ ಎದ್ದ.

ತೋಕೋಯ್ ಎಲ್ಲವನ್ನೂ ನೋಡಿದ್ದ. ಅವನ ಬಣ್ಣ ಇಳಿದಿತ್ತು. ಮಗು ಅವನ ಗಡ್ಡ ಹಿಡಿದೆಳೆಯುತ್ತಿತ್ತು. ಪಕ್ಕದಲ್ಲಿ ಜಿಪಾರ್ ಅಪ್ಪನ ಹರಿದ ಕೋಟಿನ ತೋಳನ್ನು, ಅವನ ಮೈಮೇಲಿದ್ದಂತೆಯೇ, ಹೊಲಿಯುತ್ತಿದ್ದಳು. ಹೊಲಿದು ಮುಗಿದಿತ್ತು, ಆದರೂ ಇನ್ನೊಂದು ಹೊಲಿಗೆ, ಮತ್ತೊಂದು ಹೊಲಿಗೆ ಹಾಕುತ್ತಲೇ ಇದ್ದಳು. ಮುದುಕ ಶಾಮೆನ್‌ನ ಕಣ್ಣು ತಪ್ಪಿಸಿ ಮಗುವನ್ನು ಎದೆಗೆ ಒತ್ತಿಕೊಂಡ. ಇನ್ನು ಎದ್ದು ಹೊರಡಬೇಕಾದವನಂತೆ ಒತ್ತಿಕೊಂಡ.

ಶಾಮೆನ್ ಅಲ್ಲೇ ನಿಂತ. ನಿಂತು, ಹಿಂದಿರುಗಿ ಹೋಗಿ, ಹಾರೆಯನ್ನು ಮತ್ತೆ ಎಡಕ್ಕೆ ಜರುಗಿಸಿ, ಎರಡೂ ನಟ್ಟುಗಳನ್ನು ಮೊದಲಿಗಿಂತ ಬಿಗಿಯಾಗಿ ಬಿಗಿದ. ಕಾಶ್ಕಾದ ಕೊರಳಿಗೆ ಹಗ್ಗ ಹಾಕಿದ. ಹಗ್ಗ ಬೇಕಿರಲಿಲ್ಲ, ಅದು ತಾನಾಗಿಯೇ ಅವನ ಹಿಂದೆ ಬಾಗಿಲವರೆಗೂ ಬಂತು.

"ಹರಸಿ ಬೀಗರೇ" ಎಂದ ಶಾಮೆನ್, ನೆಲ ನೋಡುತ್ತ.

ಬುರುಲ್ ಕಡೆಗೋಲು ಬಿಟ್ಟು ಹೊರಗೆ ಬಂದಳು. ತೋಕೋಯ್ ಮಗುವನ್ನು ಮಗಳ ಕೈಗೆ ಕೊಟ್ಟು ಎದ್ದ. ಟಗರನ್ನು ನೋಡಿದ, ಅದರ ಯಜಮಾನನ ಮುಖ ನೋಡಿದ. ಎರಡೂ ಅಂಗೈ ಮೇಲೆತ್ತಿದ.

"ಈ ಟಗರು ನೂರು ಮರಿಗಳಿಗೆ ಅಪ್ಪನಾಗಲಿ. ಇದರ ಕುತ್ತಿಗೆಗೆ ಕತ್ತಿ ತಾಗದಿರಲಿ. ಈ ಮನೆ ಬಾಗಿಲಲ್ಲೇ ಹಲ್ಲುದುರಿ ಮುದಿಯಾಗಲಿ. ಓಮಿನ್!"

ಎಂದು ಮುಖ ಸವರಿಕೊಂಡುಬಿಟ್ಟ.

ಹಿರಿಯರು ಬಾಗಿಲಲ್ಲಿ ನಿಂತು ಕೊಟ್ಟ ಹರಕೆಯನ್ನು ಮುರಿಯುವ ಗಂಡಸು ಆ ಬೆಟ್ಟದಲ್ಲಿ ಇನ್ನೂ ಹುಟ್ಟಿಲ್ಲ. ಶಾಮೆನ್ ತಾನೂ ಮುಖ ಸವರಿಕೊಂಡ. ಕಾಶ್ಕಾ ಅವನ ಜೇಬಿಗೆ ಮೂಗು ತೂರಿಸಿತು.

"ರಾತ್ರಿಗೆ ಹಾಲುಗಂಜಿ ಮಾಡಿಸಿ ಬೀಗಿತ್ತೀ" ಎಂದ ತೋಕೋಯ್ ಬುರುಲ್‌ಗೆ. "ನನ್ನ ಮುಂದೆ ಇನ್ನೊಂದು ಕುರಿ ತಲೆ ಇಟ್ರೆ ನಾನೇ ಬ್ಯಾ ಅಂತೀನಿ." ಆಮೇಲೆ ಗಂಟಲು ಸರಿಮಾಡಿಕೊಂಡು, ಲಾರಿಯ ಕಡೆ ನೋಡದೆ ಕೇಳಿದ: "ಆ ನಟ್ಟು... ಏನಾದ್ರೂ ಕದಲ್ತಾ ಬೀಗರೇ?"

ಕುದುರೆ ಕಟ್ಟಿ ಬಂದಿದ್ದ ಪಕ್ಕದ ಗುಡಾರದ ಇಬ್ಬರು ಕಿವಿ ನಿಮಿರಿಸಿದರು. ಕಬ್ಬಿಣದ ಮುಂದೆ ಸೋತವನಲ್ಲ ಶಾಮೆನ್. ಈಗ ತಾನಾಡುವ ಮಾತು ಸಂಜೆಯೊಳಗೆ ಇಡೀ ಬೆಟ್ಟ ಸುತ್ತುತ್ತದೆಂದು ಅವನಿಗೆ ಗೊತ್ತಿತ್ತು.

"ಇಲ್ಲ ಬೀಗರೇ, ಸೋತೆ" ಎಂದು ಅವನು ಎಲ್ಲರಿಗೂ ಕೇಳುವಂತೆ ಹೇಳಿದ. "ಕಬ್ಬಿಣಕ್ಕೂ ಬುದ್ಧಿ ಇದೆ ಕಣ್ರಯ್ಯ. ನಿಮ್ಮನ್ನ ಕಳಿಸಲ್ಲ ಅಂತಿದೆ. ಮಗ ಹುಲ್ಲು ಕೊಯ್ದು ಬರ್ಲಿ, ಆಮೇಲೆ ನೋಡೋಣ."

"ನಲವತ್ತು ವರ್ಷಕ್ಕೆ ಈಗ ಒಂದು ಬುದ್ಧಿವಂತ ಮಾತಾಡಿದ್ರಿ" ಎಂದಳು ಬುರುಲ್, ಕಣ್ಣೊರೆಸಿಕೊಳ್ಳುತ್ತ.

ಜಿಪಾರ್ ಬಟ್ಟಲಿನಲ್ಲಿ ಹುಳಿ ಬಂದ ಕುದುರೆ ಹಾಲು ತಂದಳು. ಮೊದಲ ಬಟ್ಟಲನ್ನು ಅಪ್ಪನಿಗೆ ಕೊಡಲಿಲ್ಲ, ಮಾವನ ಮುಂದೆ ಬಗ್ಗಿ ಎರಡು ಕೈಯಲ್ಲಿ ಹಿಡಿದಳು. ಚಿಕ್ಕಂದಿನಿಂದ ಅಪ್ಪನ ಪಕ್ಕ ಕೂತು ಆ ಲಾರಿಯಲ್ಲೇ ಬೆಳೆದ ಹುಡುಗಿ, ತಲೆ ಎತ್ತದೆ, ಅವನಿಗಷ್ಟೇ ಕೇಳಿಸುವಂತೆ ಪಿಸುಗುಟ್ಟಿದಳು:

"ನಾಳೆನೂ ಎಡಕ್ಕೇ ತಿರುಗಿಸಿ ಮಾವ."