ಟೋಕನಕ್ಕನ ಮುಖ

ಚರ್ಮದ ಡಾಕ್ಟರ ಕ್ಲಿನಿಕ್ಕಿನಲ್ಲಿ ಮೊದಲು ಕಾಣುವ ಮುಖವೇ ಸಿಪ್ಪೆ ಏಳುತ್ತಿದ್ದರೆ ಬಂದವರು ಏನೆಂದುಕೊಳ್ಳಬೇಕು? ಇದು ಮೇಡಂ ಎತ್ತಿದ ಪ್ರಶ್ನೆ. ಮೇಡಂ ಎಂದರೆ ಡಾಕ್ಟರ ಹೆಂಡತಿ. ಕ್ಲಿನಿಕ್ಕಿನ ಪರದೆ, ಹೂದಾನಿ, ಗೋಡೆ ಗಡಿಯಾರ, ಡಾಕ್ಟರು ಎಲ್ಲವೂ ಅವರ ಉಸ್ತುವಾರಿಯಲ್ಲಿದ್ದವು.

"ನೋಡಮ್ಮ, ಒಳ್ಳೇದಕ್ಕೇ ಹೇಳ್ತಿದೀನಿ. ನಿನ್ನೆ ಒಬ್ಬರು ಬಾಗಿಲವರೆಗೂ ಬಂದು, ನಿನ್ನ ಮುಖ ನೋಡಿ ವಾಪಸ್ ಹೋದರು."

"ಅವರು ಹಲ್ಲಿನ ಡಾಕ್ಟರನ್ನ ಹುಡುಕ್ಕೊಂಡು ಬಂದಿದ್ದು ಮೇಡಂ. ಅದು ಮೇಲಿನ ಮಹಡಿ."

"ಇವತ್ತು ಹಲ್ಲಿನೋರು, ನಾಳೆ ನಮ್ಮೋರು. ತಿಂಗಳು ಮುಗಿಯೋ ಹೊತ್ತಿಗೆ ಮುಖ ಸರಿ ಮಾಡ್ಕೊ. ಇಲ್ಲಾಂದ್ರೆ ನೀನು ಫೈಲ್ ರೂಮಲ್ಲಿ ಕೂತ್ಕೊ, ಮುಂದೆ ನನ್ನ ತಂಗಿ ಮಗಳು ಕೂರ್ತಾಳೆ."

ತಂಗಿ ಮಗಳ ಮುಖ ಬಿಸ್ಕತ್ತು ಡಬ್ಬದ ಮುಚ್ಚಳದ ಮೇಲಿನ ಚಿತ್ರದ ಹಾಗಿತ್ತು. ಅದರ ಬಗ್ಗೆ ಎರಡು ಮಾತಿಲ್ಲ.

ಟೋಕನಕ್ಕ ಮೇಜಿನ ಮೇಲಿನ ಟೋಕನ್ನುಗಳನ್ನು ಜೋಡಿಸತೊಡಗಿದಳು. ಟೋಕನ್ ಕೊಡುವ ಅಕ್ಕ ಎಂದು ಕಾಯಿಲೆಯವರು ಇಟ್ಟ ಹೆಸರು ಅದು. ಈಗ ಬೀದಿಯಲ್ಲಿ ತರಕಾರಿ ಕೊಳ್ಳುವಾಗಲೂ ಅದೇ ಹೆಸರಿನಿಂದ ಕರೆಯುತ್ತಿದ್ದರು. ಆ ಕುರ್ಚಿಯಲ್ಲಿ ಕೂತು ಕೂತು ಅವಳ ಕೂದಲು ಅರ್ಧ ಬೆಳ್ಳಗಾಗಿತ್ತು. ಮನೆಯಲ್ಲಿ ಅವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ, ಊಟ ಆಯಿತಾ ಎಂದು ಕೂಡ. ಗಂಡ ಟೀವಿಯ ಜೊತೆ ಮಾತಾಡುತ್ತಿದ್ದ, ಅತ್ತೆ ತಮ್ಮ ಆ ಮಗನ ಜೊತೆ. ಇಲ್ಲಿ ಹಾಗಲ್ಲ. ದೊಡ್ಡ ದೊಡ್ಡ ಅಧಿಕಾರಿಗಳು, ಕೋಟು ಹಾಕಿದವರು ಬಗ್ಗಿ ನಿಂತು, "ಅಕ್ಕಾ, ಇನ್ನೂ ಎಷ್ಟು ಜನ ಇದಾರೆ?" ಎನ್ನುತ್ತಿದ್ದರು. ಫೈಲ್ ರೂಮಿನಲ್ಲಿ ಅವಳನ್ನು ಕೇಳುವವರು ಯಾರು? ಅಲ್ಲಿ ಕೂತರೆ ಅವಳೂ ಒಂದು ಫೈಲೇ.

ಆದ್ದರಿಂದ ಮುಖ ಸರಿಯಾಗಲೇಬೇಕಿತ್ತು. ಸೋಜಿಗವೆಂದರೆ, ಆ ಮುಖಕ್ಕೆ ಅವಳಷ್ಟು ಚಾಕರಿ ಮಾಡಿದವರು ಇನ್ನೊಬ್ಬರಿರಲಿಲ್ಲ.

ಅವಳ ಕುರ್ಚಿ ಇದ್ದದ್ದು ಡಾಕ್ಟರ ಕೋಣೆಯ ಬಾಗಿಲಿಗೆ ಒತ್ತಿಕೊಂಡು. ಬಾಗಿಲಿನ ಚಿಲಕ ಸವೆದು, ಎಷ್ಟು ಎಳೆದರೂ ಅಂಗೈ ಅಗಲ ತೆರೆದೇ ಇರುತ್ತಿತ್ತು. ಆ ಸಂದಿಯಲ್ಲಿ ಡಾಕ್ಟರ ಮಾತು ಒಂದಕ್ಷರ ಬಿಡದೆ ಹೊರಗೆ ಬರುತ್ತಿತ್ತು. ವರ್ಷಾನುಗಟ್ಟಲೆ ಕೇಳಿದ ಮೇಲೆ ಅವಳಿಗೆ ಚರ್ಮವೈದ್ಯ ಬಾಯಿಪಾಠವಾಗಿತ್ತು. ಡಾಕ್ಟರು "ರಾತ್ರಿ" ಎನ್ನುವಷ್ಟರಲ್ಲಿ ಇವಳ ತುಟಿ "ತೆಳ್ಳಗೆ ಹಚ್ಚಿ" ಎಂದು ಅಲುಗುತ್ತಿತ್ತು. ಮುಲಾಮುಗಳಿಗೂ ಬರವಿರಲಿಲ್ಲ. ಔಷಧಿ ಕಂಪನಿಯವರು ಕೊಟ್ಟುಹೋದ ಪುಟ್ಟ ಪುಟ್ಟ ಟ್ಯೂಬುಗಳಲ್ಲಿ ವಾಯಿದೆ ಮುಗಿಯುತ್ತ ಬಂದವನ್ನು ಸಿಬ್ಬಂದಿ ಮನೆಗೆ ಒಯ್ಯುವುದು ಕ್ಲಿನಿಕ್ಕಿನಲ್ಲಿ ಮೊದಲಿಂದಲೂ ನಡೆದುಬಂದದ್ದು. ಔಷಧಿ ಕಟ್ಟಿಕೊಡುವ ಕಾಂಪೌಂಡರ್ ಅವಳ ಪಾಲನ್ನು ಎತ್ತಿಡುತ್ತಿದ್ದ.

ಚಳಿ ಶುರುವಾದಾಗ ಕೆನ್ನೆ ಬಿಗಿದುಕೊಂಡಿತು. ಟೋಕನಕ್ಕ ಹೆದರಲಿಲ್ಲ. ದಿನಕ್ಕೆ ಮೂರು ಸಲ ಸೋಪು ಹಾಕಿ ಬಿಸಿನೀರಲ್ಲಿ ತೊಳೆದಳು. ರಾತ್ರಿ ತೆಳ್ಳಗೆ ಹಚ್ಚಿದಳು. ಉರಿಯಿತು. ಉರಿದರೆ ಔಷಧಿ ಕೆಲಸ ಮಾಡುತ್ತಿದೆ ಎಂದರ್ಥ, ಕಿವಿಯಾರೆ ಕೇಳಿದ್ದಾಳೆ. ವಾರದಲ್ಲಿ ಮೂಗಿನ ಪಕ್ಕ, ಹುಬ್ಬಿನ ನಡುವೆ ಸಿಪ್ಪೆ ಏಳತೊಡಗಿತು. ಸಿಪ್ಪೆ ಎದ್ದಷ್ಟೂ ಒಳ್ಳೆಯದು, ಅದನ್ನೂ ಕೇಳಿದ್ದಾಳೆ. ನಕ್ಕರೆ ಬಾಯಂಚು ಸೀಳುವಂತಾದಾಗ ನಗುವುದನ್ನು ನಿಲ್ಲಿಸಿದಳು. ಅದೇನೂ ದೊಡ್ಡ ನಷ್ಟವಾಗಲಿಲ್ಲ.

"ಹಾಲಿನ ಕೆನೆ ಹಚ್ಕೊಳ್ಳೇ," ಎಂದರು ಅತ್ತೆ. "ನಮ್ಮ ಕಾಲದಲ್ಲಿ ಅದು ಬಿಟ್ರೆ ಇನ್ನೇನಿತ್ತು?"

"ಅತ್ತೇ, ನಾನು ಇರೋದೇ ಚರ್ಮದ ಡಾಕ್ಟರ ಹತ್ರ."

"ಅದಕ್ಕೇ ಹೀಗಾಗಿರೋದು," ಎಂದು ಅತ್ತೆ ಮಗ್ಗುಲು ಬದಲಿಸಿದರು.

ಮೇಡಂ ಗಡುವು ಕೊಟ್ಟ ಮೇಲೆ ಅವಳು ಚಾಕರಿಯನ್ನು ಇಮ್ಮಡಿ ಮಾಡಿದಳು. ಮುಖ ಇನ್ನಷ್ಟು ಕೆಂಪೇರಿತು. ಕಣ್ಣೀರು ಹರಿದರೆ ಕೆನ್ನೆ ಉರಿಯುತ್ತದೆಂದು ಅಳುವುದೂ ಕಷ್ಟವಾಯಿತು.

"ಅಕ್ಕಾ, ಒಂದ್ಸಲ ಡಾಕ್ಟರಿಗೇ ತೋರ್ಸಿಬಿಡಿ," ಎಂದ ಕಾಂಪೌಂಡರ್.

"ಅವರು ಹೇಳೋದೆಲ್ಲಾ ನಂಗೆ ಗೊತ್ತಿರೋದೇ ಅಲ್ವೇನೋ?"

"ನಿಮಗೆ ಗೊತ್ತು. ನಿಮ್ಮ ಮುಖಕ್ಕೆ ಗೊತ್ತಿದ್ದ ಹಾಗಿಲ್ಲ."

ಈ ಮಾತು ನಾಟಿತು. ಬೀದಿಯ ಅರ್ಧ ಜನಕ್ಕೆ ಮುಲಾಮು ಹೇಳಿಕೊಟ್ಟವಳು ತಾನೇ ಹೋಗಿ ಕೈಯೊಡ್ಡುವುದು ಹೇಗೆ ಎಂಬ ಬಿಗುಮಾನ ಇತ್ತು, ನಿಜ. ಆದರೆ ಬಿಗುಮಾನ ಹೊತ್ತುಕೊಂಡಿರಲಿಕ್ಕೂ ಮೈಯಲ್ಲಿ ಕಸುವು ಬೇಕಲ್ಲ. ಒಂದು ಮಧ್ಯಾಹ್ನ ಕಡೆಯ ಟೋಕನ್ನನ್ನು ತಾನೇ ಇಟ್ಟುಕೊಂಡಳು. ಸರದಿ ಬಂದಾಗ ಅಭ್ಯಾಸಬಲದಿಂದ "ಮುಂದಿನವರು" ಎಂದು ಖಾಲಿ ಬೆಂಚುಗಳನ್ನು ಕೂಗಿ ಕರೆದಳು. ಆಮೇಲೆ ತಾನೇ ಎದ್ದು ಒಳಗೆ ಹೋದಳು.

"ಕೂತ್ಕೊಳ್ಳಿ. ಏನಾಗಿದೆ?" ಡಾಕ್ಟರು ತಲೆಯೆತ್ತಲಿಲ್ಲ.

"ಮುಖ ಉರಿ ಸಾರ್. ಬಿಗಿಯುತ್ತೆ. ಸಿಪ್ಪೆ ಏಳ್ತಿದೆ."

ಧ್ವನಿ ಗುರುತಾಗಿ ಡಾಕ್ಟರು ಕತ್ತೆತ್ತಿದರು. "ಅರೆ, ನೀನಾ? ಏನಮ್ಮಾ ಇದು? ಇಷ್ಟಾಗೋ ತನಕ ನನ್ನ ಕಣ್ಣಿಗೇ ಬೀಳ್ಲಿಲ್ವಲ್ಲ?"

"ಬರುವಾಗ ಫೋನ್ ನೋಡ್ಕೊಂಡು ಬರ್ತೀರಿ ಸಾರ್. ಹೋಗುವಾಗ ಮೇಡಂ ಮಾತು ಕೇಳ್ಕೊಂಡು ಹೋಗ್ತೀರಿ."

ಬೇರೆ ದಿನವಾಗಿದ್ದರೆ ಇಷ್ಟು ಬಾಯಿ ಬರುತ್ತಿರಲಿಲ್ಲ. ಆಯಾಸವೂ ಒಂದು ಬಗೆಯ ಧೈರ್ಯವೇ.

ಡಾಕ್ಟರು ದೀಪ ಹತ್ತಿರ ಎಳೆದು ಕೆನ್ನೆ ನೋಡಿದರು. "ಏನು ಹಚ್ತಾ ಇದೀಯ?"

ಅವಳು ಪಾಠ ಒಪ್ಪಿಸಿದಳು. ಬೆಳಗಿನದು, ಮಧ್ಯಾಹ್ನದ್ದು, ರಾತ್ರಿಯದು, ಉಜ್ಜುವುದು, ತೊಳೆಯುವುದು. ಕೇಳುತ್ತ ಕೇಳುತ್ತ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಯಾವ ಮಹಾರಾಯ ಹೇಳಿದ್ದು ಇದನ್ನೆಲ್ಲಾ?"

"ನೀವೇ ಸಾರ್."

"ನಾನಾ? ಯಾವಾಗ?"

"ದಿನಾ ಹೇಳ್ತೀರಿ. ಬಾಗಿಲು ಮುಚ್ಚಲ್ಲ, ಕೇಳುತ್ತೆ."

ಡಾಕ್ಟರು ತಿರುಗಿ ಬಾಗಿಲ ಸಂದಿಯನ್ನು ನೋಡಿದರು. "ಮೂರು ಸಲ ತೊಳೀರಿ ಅಂತ ಹೇಳಿದ್ದು ಎಣ್ಣೆ ಸುರಿಯೋ ಮುಖದೋರಿಗೆ. ಉರಿಯುತ್ತೆ, ಹೆದರಬೇಡಿ ಅಂದಿದ್ದು ಮೊಡವೆಯೋರಿಗೆ. ಸಿಪ್ಪೆ ಏಳ್ಲಿ ಅಂದಿದ್ದು ಕಪ್ಪು ಕಲೆಯೋರಿಗೆ. ನೀನು ಆ ಮೂರೂ ಜನರ ಔಷಧಿನ ನಿನ್ನೊಬ್ಬಳ ಒಣ ಮುಖಕ್ಕೆ ಹಚ್ಚಿದೀಯಲ್ಲಮ್ಮಾ!"

ಟೋಕನಕ್ಕನೂ ಬಾಗಿಲ ಕಡೆ ತಿರುಗಿದಳು. ಸಂದಿಯಿಂದ ಮಾತೇನೋ ಬರುತ್ತಿತ್ತು. ಆದರೆ ಎದುರಿಗೆ ಎಂಥ ಮುಖ ಕೂತಿದೆ ಎನ್ನುವುದು ಬರುತ್ತಿರಲಿಲ್ಲ. ಇಷ್ಟು ವರ್ಷ ಅವಳು ಕೇಳಿಸಿಕೊಂಡಿದ್ದು ಅರ್ಧ ವೈದ್ಯ.

"ಎಲ್ಲಾ ಬಿಡು," ಎಂದರು ಡಾಕ್ಟರು.

"ಎಲ್ಲಾ ಅಂದ್ರೆ?"

"ಎಲ್ಲಾ ಅಂದ್ರೆ ಎಲ್ಲಾ. ಉಗುರು ಬೆಚ್ಚಗಿನ ನೀರು, ಸೋಪು ಬೇಡ. ಉಜ್ಜಬೇಡ, ಮೆತ್ತನೆ ಬಟ್ಟೇಲಿ ಒತ್ತಿ ಒರೆಸ್ಕೊ. ತೇವ ಆರೋ ಮುಂಚೆ ಈ ಕ್ರೀಮು, ಇದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ದಪ್ಪಗೆ ಹಚ್ಚು. ತೀರಾ ಕೆಂಪಾಗಿರೋ ಕಡೆ ಮಾತ್ರ ಈ ಮುಲಾಮು, ಅದೂ ನಾಲ್ಕೈದು ದಿನ. ಆಮೇಲೆ ಬಂದು ತೋರ್ಸು. ತೋರ್ಸು ಅಂದೆ, ಕೇಳಿಸ್ಕೊ ಅನ್ಲಿಲ್ಲ."

"ಹಾಲಿನ ಕೆನೆ?"

"ಬೇಡ. ಆದ್ರೂ ನೀನು ಹಚ್ಚಿರೋದಕ್ಕಿಂತ ಅದೇ ವಾಸಿ."

ಈ ವಾಕ್ಯ ಅತ್ತೆಯ ಕಿವಿಗೆ ಬೀಳಬಾರದೆಂದು ಅವಳು ಅಲ್ಲೇ ತೀರ್ಮಾನಿಸಿದಳು.

"ಈ ತಿಂಗಳೊಳಗೆ ಹೋಗುತ್ತಾ ಸಾರ್?"

"ಎಲ್ಲಿಂದ? ಮುಂದಿನ ತಿಂಗಳೂ ಹಿಡಿಯುತ್ತೆ. ಪೌಡರ್ ಗೀಡರ್ ಹಾಕಿ ಮುಚ್ಚೋ ಹಾಗಿಲ್ಲ. ಅಂದ ಹಾಗೆ, ದಿನವಿಡೀ ಎಲ್ಲಿ ಕೂರ್ತೀಯ ನೀನು?"

ಡಾಕ್ಟರು ಹೊರಗೆ ಬಂದು ಅವಳ ಕುರ್ಚಿಯ ಪಕ್ಕ ನಿಂತು ಕೈ ಮೇಲೆತ್ತಿದರು. ಚಳಿಗಾಲದಲ್ಲೂ ಮೇಡಂ ಆರಿಸಗೊಡದ ಎ.ಸಿ.ಯ ಗಾಳಿ ನೆಟ್ಟಗೆ ಅಲ್ಲಿಗೇ ಬೀಳುತ್ತಿತ್ತು. "ಇಲ್ಲಿ ಒದ್ದೆ ಟವಲ್ಲು ಹರಡಿದ್ರೆ ಗಳಿಗೇಲಿ ಒಣಗುತ್ತೆ. ಇನ್ನು ಮನುಷ್ಯರ ಚರ್ಮ! ಮೊದಲು ಈ ಜಾಗ ಬಿಡು."

ಲೆಕ್ಕ ನೋಡುತ್ತಿದ್ದ ಮೇಡಂ ಇದನ್ನು ಕೇಳಿ ಎದ್ದು ಬಂದರು. ಅವರ ಮುಖದಲ್ಲಿ ಎಂದೂ ಇಲ್ಲದ ಕರುಣೆ ತುಂಬಿತ್ತು.

"ಡಾಕ್ಟರೇ ಹೇಳಿದ ಮೇಲೆ ಮುಗೀತು ಬಿಡಮ್ಮ. ಫೈಲ್ ರೂಮಲ್ಲಿ ಎ.ಸಿ.ನೇ ಇಲ್ಲ. ನಾಳೆಯಿಂದ ಅಲ್ಲೇ ಕೂತ್ಕೊ, ಮುಖಕ್ಕೆ ಒಳ್ಳೇದು. ತಂಗಿ ಮಗಳಿಗೆ ಈಗ್ಲೇ ಹೇಳ್ತೀನಿ."

ಟೋಕನಕ್ಕ ಗೋಡೆಗೆ ಒರಗಿಕೊಂಡಳು. ಒಂದು ಗಳಿಗೆ ಅವಳಿಗೆ ಆಗಲಿ ಎನ್ನಿಸಿತು. ಅಲ್ಲಿ ಕತ್ತಲಿದೆ, ಗಾಳಿಯಿಲ್ಲ, ಮೇಜಿನ ಮೇಲೆ ತಲೆಯಿಟ್ಟು ಮಲಗಿದರೂ ಕೇಳುವವರಿಲ್ಲ. ಕೇಳುವವರಿಲ್ಲ ಎನ್ನುವಲ್ಲಿಗೆ ಬಂದು ಯೋಚನೆ ನಿಂತಿತು. ಅಂಥ ಜಾಗ ಅವಳಿಗೆ ಮನೆಯಲ್ಲೇ ಒಂದಿತ್ತು.

"ಬೇಡ ಮೇಡಂ. ಮೇಜನ್ನ ಆ ಗೋಡೆಗೆ ಹಾಕಿಸಿ. ಅಲ್ಲಿ ಗಾಳಿ ಬೀಳಲ್ಲ."

"ಬೀದಿ ಬಾಗಿಲ ಹತ್ರಾನಾ? ಒಳಗೆ ಕಾಲಿಡ್ತಿದ್ದ ಹಾಗೇ ನಿನ್ನ ಮುಖ ಎದುರಾಗುತ್ತಲ್ಲೇ!"

"ಆಗ್ಲಿ ಬಿಡಿ. ಇದು ಕ್ಲಿನಿಕ್ಕು, ಬಟ್ಟೆ ಅಂಗಡಿ ಅಲ್ಲ. ಇಲ್ಲಿಗೆ ಬರೋರೆಲ್ಲಾ ಕೆಟ್ಟ ಮುಖ ಹೊತ್ಕೊಂಡೇ ಬರೋದು. ನನ್ನ ನೋಡಿದ್ರೆ ಅವರಿಗೂ ಸಮಾಧಾನ."

"ನೀವಾದ್ರೂ ಹೇಳ್ರೀ," ಎಂದು ಮೇಡಂ ಗಂಡನ ಕಡೆ ತಿರುಗಿದರು.

ಡಾಕ್ಟರು ಹೆಂಡತಿಯ ಮುಖ ನೋಡಿದರು. ಟೋಕನಕ್ಕನ ಮುಖ ನೋಡಿದರು. ಈ ಎರಡರಲ್ಲಿ ಯಾವುದಕ್ಕೆ ಔಷಧಿಯಿದೆ ಎಂದು ಅವರಿಗೆ ಗೊತ್ತಿತ್ತು. ಹೋಗಿ ಮೇಜಿನ ಒಂದು ತುದಿ ಹಿಡಿದರು. ಕಾಂಪೌಂಡರ್ ಓಡಿಬಂದು ಇನ್ನೊಂದು ತುದಿ ಹಿಡಿದ. ಮೇಡಂ ಹೂದಾನಿಯನ್ನು ಎತ್ತಿಕೊಂಡು, "ಇದಾದ್ರೂ ಒಡೀದೆ ಉಳೀಲಿ," ಎಂದರು. ಅಂದು ರಾತ್ರಿ ಡಾಕ್ಟರ ಮನೆಯಲ್ಲಿ ಏನೇನು ಮಾತಾಯಿತೋ, ಅದಕ್ಕೆ ಕಿವಿಗೊಡುವ ಸಂದಿ ಯಾರಿಗೂ ಇರಲಿಲ್ಲ. ತಂಗಿ ಮಗಳಂತೂ ಬರಲಿಲ್ಲ.

ಹೊಸ ಜಾಗದಲ್ಲಿ ಕ್ರೀಮು ಮೆತ್ತಿದ ಮುಖ ದೀಪದ ಬೆಳಕಿಗೆ ಮಿರಮಿರ ಎನ್ನುತ್ತಿತ್ತು. ಬರುವವರು ಮೊದಲು ಬೆಚ್ಚುತ್ತಿದ್ದರು, ಆಮೇಲೆ ಸುಮ್ಮನೆ ಕೈಚಾಚಿ ಟೋಕನ್ ತೆಗೆದುಕೊಳ್ಳುತ್ತಿದ್ದರು. ಡಾಕ್ಟರ ಕೋಣೆ ಈಗ ದೂರ. ಅಲ್ಲಿಂದ ಬರುತ್ತಿದ್ದದ್ದು ಗುಂಯ್ ಎನ್ನುವ ಸದ್ದು ಮಾತ್ರ.

ಹಳೆಯ ಪರಿಚಯದವಳೊಬ್ಬಳು ದುಪಟ್ಟಾ ಸರಿಸಿ ಕೆನ್ನೆ ತೋರಿಸಿದಳು. "ಅಕ್ಕಾ, ನಂಗೂ ಇಲ್ಲೆಲ್ಲಾ ಉರಿ. ಹೋದ ಸಲ ನೀವೇ ಏನೋ ಹೇಳಿದ್ರಲ್ಲಾ, ಇದಕ್ಕೇನು ಹಚ್ಲಿ?"

ಟೋಕನಕ್ಕನ ಬಾಯಿ ತೆರೆಯಿತು. ಬೆಳಗಿನದು, ರಾತ್ರಿಯದು ಎಲ್ಲ ನಾಲಗೆಯ ತುದಿಯಲ್ಲಿ ಸಾಲಾಗಿ ನಿಂತಿದ್ದವು.

"ಗೊತ್ತಿಲ್ಲಮ್ಮ," ಎಂದಳು. "ಹೋದ ಸಲ ಹೇಳಿದ್ದನ್ನೂ ನಿಲ್ಸು. ಒಳಗೆ ಹೋಗಿ ಮುಖ ತೋರ್ಸು."

"ನಿಮಗೇ ಗೊತ್ತಿಲ್ಲ ಅಂದ್ರೆ ಹೇಗಕ್ಕಾ?"

"ಹೀಗೇ. ಕೂತ್ಕೊ, ಇನ್ನೂ ಆರು ಜನ ಇದಾರೆ."