ಬಾಡಿಗೆ ಕೋಣೆಯ ವಿಳಾಸ

2019ರ ನವೆಂಬರ್ 14, ಗುರುವಾರ, ಬೆಳಗ್ಗೆ ಒಂಬತ್ತು ಇಪ್ಪತ್ತು. ಲಕ್ಷದ್ವೀಪದ ಒಂದು ಪುಟ್ಟ ದ್ವೀಪದಲ್ಲಿ ಸಾರೋಮ್ಮಬಿ ಬೇಯಿಸಿದ ಟ್ಯೂನಾ ಮೀನನ್ನು ಸೀಳಿ ಬಿಸಿಲಿಗೆ ಹರಡುತ್ತಿದ್ದಳು. ಅಂಗಳಕ್ಕೆ ಬಂದ ರಹಿಯಾಬಿಯ ಕೈಯಲ್ಲಿ ಸಮೀಕ್ಷೆಯ ಕಾಗದ ಕಂಡದ್ದೇ ತಡ, ಸಾರೋಮ್ಮಬಿಯ ಹುಬ್ಬು ಗಂಟಿಕ್ಕಿತು. ರಹಿಯಾಬಿ ಅದೇ ದ್ವೀಪದ ಆರೋಗ್ಯ ಕಾರ್ಯಕರ್ತೆ. ತಾಯಿ-ಮಕ್ಕಳ ಆರೋಗ್ಯದ ಮಾಹಿತಿಗಾಗಿ ಮನೆಮನೆ ಸುತ್ತುತ್ತಿದ್ದಳು.

"ಮತ್ತೆ ಬಂದ್ಯಾ? ಹೋದ ಸಲ ಬಂದವನು ಮನೆ ಯಜಮಾನ ಯಾರು ಅಂತ ಕೇಳಿ ನನ್ನ ಗಂಡನ ಹೆಸರು ಬರ್ಕೊಂಡು ಹೋದ. ಅವರು ರಾತ್ರಿ ಊಟಕ್ಕೆ ಬಂದು ಬೆಳಗ್ಗೆ ತಮ್ಮ ಹೆತ್ತ ಉಮ್ಮನ ಮನೆಗೆ ಹೋಗೋ ಮನುಷ್ಯ! ನಮ್ಮಲ್ಲಿ ಮನೆ ತಾಯಿಯಿಂದ ಮಗಳಿಗೆ ಬರೋದು, ಈ ಮನೆ ನಂದು."

"ನಿಮ್ಮ ಹೆಸರೇ ಬರೀತೀನಿ ಇತ್ತಾ," ಎಂದಳು ರಹಿಯಾಬಿ, ಅಕ್ಕ ಎಂದು ಕರೆಯುವ ದ್ವೀಪದ ಮಾತಿನಲ್ಲಿ. " ಐದು ವರ್ಷದಲ್ಲಿ ಈ ಮನೇಲಿ ಹುಟ್ಟಿ ತೀರಿಹೋದ ಮಗು ಇದೆಯಾ?"

"ಇಲ್ಲ."

ರಹಿಯಾಬಿ ಪೆನ್ನು ಕೆಳಗಿಟ್ಟಳು. "ನಿಮ್ಮ ಹಿರಿಮಗಳು ಹಾಜರಾಳ ಮಗು?"

"ಅದು ಕೊಚ್ಚಿಯಲ್ಲಿ ಹುಟ್ಟಿ ಕೊಚ್ಚಿಯಲ್ಲೇ ಮಣ್ಣಾಯ್ತು. ಕಡಲಾಚೆ ಆದದ್ದು ಕಡಲಾಚೆಗೇ. ಈ ಮನೆಗೆ ಯಾಕೆ ಬರೀತೀ?" ಸಾರೋಮ್ಮಬಿಯ ಕತ್ತಿ ಹಲಗೆಗೆ ಬಡಿಯಿತು.

"ಆಸ್ಪತ್ರೆಯಲ್ಲಿ ಯಾವ ವಿಳಾಸ ಕೊಟ್ರಿ?"

"ಎಂಟನೇ ತಿಂಗಳಲ್ಲೇ ಹಡಗು ಹತ್ತಿ ಹೋಗಿ ಬಾಡಿಗೆಗೆ ಇದ್ವಲ್ಲ, ಆ ಕೋಣೆದು. ಎಲ್ರೂ ಅದನ್ನೇ ಕೊಡೋದು. ಕಾಗದಪತ್ರ ಬೇಗ ಕೈಗೆ ಸಿಗುತ್ತೆ."

"ಅಲ್ಲೇ ಎಡವಿದ್ದು! ಆ ಮಗು ಕೊಚ್ಚಿಯ ಯಾವುದೋ ಗಲ್ಲಿಯ ಲೆಕ್ಕಕ್ಕೆ ಸೇರ್ತು. ನಮ್ಮ ದ್ವೀಪದ ಪಟ್ಟಿಯಲ್ಲಿ ಸತ್ತ ಕೂಸು ಎಷ್ಟು ಗೊತ್ತಾ? ಸೊನ್ನೆ. ಹೆರಿಗೆ ಡಾಕ್ಟರು ಬೇಕು ಅಂದ್ರೆ ಮೇಲಧಿಕಾರಿಗಳು ಆ ಸೊನ್ನೆ ತೋರಿಸ್ತಾರೆ. ನಿಮ್ಮಲ್ಲಿ ಏನೂ ತೊಂದ್ರೆ ಇಲ್ವಲ್ಲ ಅಂತಾರೆ."

ಸಾರೋಮ್ಮಬಿ ಎದ್ದು ನಿಂತಳು. ಹನ್ನೊಂದು ದಿನ ಎದೆಹಾಲು ಕುಡಿದ ಮಗು. ಅವಳೇ ಹೆಸರಿಟ್ಟ ಮಗು.

"ಸೊನ್ನೆಯಾ? ಯಾವ ಬಾಯಿ ಹೇಳ್ತು ಸೊನ್ನೆ ಅಂತ? ಬರಿ! ಸುಹರಾ ಅಂತ ಬರಿ. ಹನ್ನೊಂದು ದಿನ ಬದುಕಿದ್ಲು ಅಂತ ಬರಿ!"

"ಬರೀತೀನಿ. ಆದ್ರೆ ನನಗೂ ನಿಮ್ಮ ಮೇಲೆ ಸಿಟ್ಟಿದೆ ಇತ್ತಾ. ಕಿರಿಮಗಳು ನಲ್ಲಬಿಗೆ ಈಗ ಏಳು ತಿಂಗಳು. ಹೋದ ತಿಂಗಳು ರಕ್ತ ಪರೀಕ್ಷೆಗೆ ಬಂದ್ರೆ ಬಾಗಿಲು ಹಾಕ್ಕೊಂಡ್ರಿ."

"ಮತ್ತಿನ್ನೇನು? ಬಂದವರೆಲ್ಲ ರಕ್ತ ತಗೊಂಡು ಹಡಗು ಹತ್ತಿದ್ರು. ಏನಾಯ್ತು ಅಂತ ಒಬ್ಬರೂ ತಿರುಗಿ ಬಂದು ಹೇಳಿಲ್ಲ!"

ರಹಿಯಾಬಿ ಚೀಲದಿಂದ ಅಂಗೈಯಗಲದ ಯಂತ್ರ ತೆಗೆದಳು. "ಈ ಯಂತ್ರ ನಿಮ್ಮ ಕಣ್ಣೆದುರೇ ಹೇಳುತ್ತೆ. ಒಂದೇ ಹನಿ, ಒಂದೇ ನಿಮಿಷ."

"ನಲ್ಲಬೀ, ಹೊರಗೆ ಬಾ!" ಸಾರೋಮ್ಮಬಿ ಒಳಗೆ ತಿರುಗಿ ಕೂಗಿದಳು.

"ಬಚ್ಚಿಟ್ಟವಳೂ ನೀನೇ, ಕರೆಯೋಳೂ ನೀನೇ ಉಮ್ಮಾ," ಎನ್ನುತ್ತ ನಲ್ಲಬಿ ಬೆರಳು ಚಾಚಿಕೊಂಡೇ ಬಂದಳು.

ಹಿಮೋಗ್ಲೋಬಿನ್ 6.9. ಹನ್ನೊಂದಾದರೂ ಇರಬೇಕಿತ್ತು. ರಹಿಯಾಬಿಯ ದನಿ ತಗ್ಗಿತು. "ರಕ್ತ ತೀರಾ ಕಡಿಮೆ. ಈಗಲೇ ಇಲ್ಲಿನ ಆಸ್ಪತ್ರೆಗೆ ನಡೀರಿ."

ಸಾರೋಮ್ಮಬಿ ಮೀನನ್ನು ಹಾಗೇ ಬಿಟ್ಟು, ಕೈಯನ್ನೂ ತೊಳೆಯದೆ ಮಗಳ ತೋಳು ಹಿಡಿದಳು. ಅಂದೇ ಚಿಕಿತ್ಸೆ ಶುರುವಾಯಿತು. ಮುಂದೆ ಕೊಚ್ಚಿಯಲ್ಲಿ ಹೆರಿಗೆಗೆ ಸೇರಿಸುವಾಗ ವಿಳಾಸ ಕೇಳಿದ ಗುಮಾಸ್ತ ತಲೆಯೆತ್ತುವಷ್ಟು ಜೋರಾಗಿ ಅವಳು ತನ್ನ ದ್ವೀಪದ ಹೆಸರು ಹೇಳಿದಳು.

ಅಕ್ಕಂದಿರೇ, ಹೆರಿಗೆಗೆ ಯಾವ ಊರಿಗೇ ಹೋಗಿ, ಸ್ವಂತ ಊರಿನ ವಿಳಾಸವನ್ನೇ ಕೊಡಿ. ಒಂದೇ ತಾಸು ಬದುಕಿದ ಮಗುವನ್ನೂ ಬಿಡದೆ ಬರೆಸಿ. ರಕ್ತದ ಹನಿ ಕೊಡಿ. ಫಲಿತಾಂಶ ತಿಳಿಸದೆ ಹೊರಟವರನ್ನು ತಡೆದು ಕೇಳಿ. ಸಿಟ್ಟು ಬಂದರೆ ಬರಲಿ, ಬಾಗಿಲು ಮಾತ್ರ ಹಾಕಬೇಡಿ.

2020ರ ಜನವರಿ 21ರಂದು ನಲ್ಲಬಿಗೆ ಹುಟ್ಟಿದ ಗಂಡು ಮಗುವಿನ ತೂಕ 2 ಕಿಲೋ 640 ಗ್ರಾಂ.