ಗುರುವಾರದ ಹುಡುಗಿ ಉಳಿಸಿಕೊಂಡ ವಿಷಯ

ಕಾಲೇಜಿನ ಮೂರನೇ ಮಹಡಿಯ ತುದಿಯಲ್ಲಿ, ಮುರಿದ ಬೆಂಚುಗಳನ್ನು ಪೇರಿಸಿಟ್ಟ ಕೋಣೆಯ ಪಕ್ಕದಲ್ಲಿ, ಸಲಹೆಗಾರ್ತಿ ಮೇಡಂ ಕೂರುತ್ತಿದ್ದರು. ಫೇಲಾದವರನ್ನು ದಡ ಮುಟ್ಟಿಸುವುದು ಅವರ ಕೆಲಸ. ಒಂದಾದರೂ ವಿಷಯ ಉಳಿಸಿಕೊಂಡವರಿಗೆ ವಾರಕ್ಕೆ ಅರ್ಧ ಗಂಟೆ. ಪಾಸಾದ ದಿನ ರಿಜಿಸ್ಟರಿನಲ್ಲಿ ಹೆಸರಿನ ಮೇಲೆ ಕೆಂಪು ಗೆರೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ? ಹನ್ನೆರಡು ವರ್ಷಗಳಲ್ಲಿ ಪಾಸಾದವರೊಬ್ಬರೂ ಮತ್ತೆ ಆ ಮೆಟ್ಟಿಲು ಹತ್ತಿರಲಿಲ್ಲ. ಮೇಡಮ್ಮಿಗೆ ಅದು ಹೆಮ್ಮೆ ಎಂದು ಎಲ್ಲರೂ ತಿಳಿದಿದ್ದರು. ಹೆಮ್ಮೆಯೇನೋ ಇತ್ತು, ಆದರೆ ಮನೆಗೆ ಹೋದರೆ ತೊಳೆಯಲು ಒಂದೇ ತಟ್ಟೆ.

ಗುರುವಾರ ನಾಲ್ಕಕ್ಕೆ ಬರುವ ಹುಡುಗಿಗೆ ಜವಾನ ‘ಗುರುವಾರ’ ಎಂದೇ ಹೆಸರಿಟ್ಟಿದ್ದ. ಮೊದಲು ಬೇರೆ ವಿಷಯಗಳಿಗೆಂದು ಬರುತ್ತಿದ್ದವಳಿಗೆ ಈಗ ಉಳಿದದ್ದು ಸಂಖ್ಯಾಶಾಸ್ತ್ರ ಒಂದೇ. ಎರಡು ಸಲ ಫೇಲು. ಜೊತೆಯವರೆಲ್ಲ ಹಾಸ್ಟೆಲು ಬಿಟ್ಟು ಹೋಗಿದ್ದರು. ಅಪ್ಪನ ಫೋನು ತಿಂಗಳಿಗೊಮ್ಮೆ. ಲೆಕ್ಕ ಮುಗಿಸಿ ಉಳಿದ ಹತ್ತು ನಿಮಿಷ ಇಬ್ಬರೂ ಕಿಟಕಿಯಾಚೆಯ ಪಾರಿವಾಳಗಳನ್ನು ಬೈದುಕೊಂಡು ನಗುತ್ತಿದ್ದರು.

ಮೂರನೆಯದು ಕೊನೆಯ ಅವಕಾಶ. ಅದೂ ಹೋದರೆ ಪದವಿಯೇ ಇಲ್ಲ. ಪರೀಕ್ಷೆಗೆ ವಾರವಿರುವಾಗ ಮೇಡಂ ಅವಳ ಹಳೆಯ ಉತ್ತರಪತ್ರಿಕೆಗಳನ್ನು ತರಿಸಿದರು. ಬರೆದ ಲೆಕ್ಕಗಳೆಲ್ಲ ಸರಿ, ಮಿಕ್ಕ ಪುಟಗಳೆಲ್ಲ ಖಾಲಿ. ಎರಡು ಸಲವೂ ಪಾಸಿಗೆ ಐದೇ ಅಂಕ ಕಡಿಮೆ. ಹುಡುಗಿ ಲೆಕ್ಕ ಹಾಕಿಯೇ ಫೇಲಾಗಿದ್ದಳು.

“ಇದೇನಮ್ಮ ಇದು?”

ಹುಡುಗಿ ತಲೆ ತಗ್ಗಿಸಿದಳು. “ಪಾಸಾದ್ರೆ ಹೆಸರು ಹೊಡೆದುಹಾಕ್ತೀರಲ್ಲ ಮೇಡಂ. ಆಮೇಲೆ ಯಾರ ಹತ್ರ ಮಾತಾಡ್ಲಿ?”

ಮೇಡಮ್ಮಿಗೆ ಸಿಟ್ಟು ಬರಬೇಕಿತ್ತು, ಬಂದದ್ದು ಸಂತೋಷ. ತನಗೋಸ್ಕರ ಒಬ್ಬಳು ಫೇಲಾಗಿದ್ದಾಳೆ! ಮರುಕ್ಷಣವೇ ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು. ಈ ಪತ್ರಿಕೆಗಳನ್ನು ಅವರು ಮೊದಲ ಸಲವೇ ತರಿಸಬಹುದಿತ್ತು. ಯಾಕೆ ತರಿಸಲಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಕೆಂಪು ಪೆನ್ನು ತೆಗೆದು ಅವಳ ಕಣ್ಣೆದುರೇ ಹೆಸರಿನ ಮೇಲೆ ಗೆರೆ ಎಳೆದರು.

“ಮೇಡಂ! ಇನ್ನೂ ಪರೀಕ್ಷೆನೇ ಆಗಿಲ್ವಲ್ಲ!”

“ಇನ್ನು ಫೇಲಾದ್ರೂ ನಿಂಗೆ ಇಲ್ಲಿ ಜಾಗ ಇಲ್ಲ. ಪಾಸಾಗಿ ಹೋಗು ತಾಯಿ. ಮಾತಾಡೋರು ಹೊರಗಡೆ ಸಿಗ್ತಾರೆ.”

“ನಿಮಗೆ?”

ಮೇಡಂ ಫೈಲಿನ ದಾರ ಬಿಗಿಯುತ್ತ ಕೂತರು. “ನಂಗೇನು, ಶುಕ್ರವಾರದವರು ಇದ್ದಾರಲ್ಲ.”

ಶುಕ್ರವಾರದ ಪುಟ ತಿಂಗಳಿಂದ ಖಾಲಿಯಿತ್ತು.

ಫಲಿತಾಂಶ ಬಂತು: ನೂರಕ್ಕೆ ತೊಂಬತ್ತಾರು. ಜವಾನ ಏದುಸಿರು ಬಿಡುತ್ತ ಮೂರು ಮಹಡಿ ಹತ್ತಿ ಬಂದು ಹೇಳಿದ. ಮೇಡಂ ಅವನಿಗೆ ಸ್ವೀಟು ತರಿಸಿಕೊಟ್ಟರು, ತಾವೂ ತಿಂದರು.

ಮುಂದಿನ ಗುರುವಾರ ನಾಲ್ಕಕ್ಕೆ ಎದುರಿನ ಕುರ್ಚಿ ನೇರ ಮಾಡಿ, ಬಾಗಿಲು ಪೂರ್ತಿ ತೆರೆದಿಟ್ಟರು. ಬರಬೇಡ ಎಂದವರು ತಾವೇ, ಕಾದವರೂ ತಾವೇ.

ಜವಾನ ಬೀಗ ಹಿಡಿದು ಬಂದ. “ಬಾಗ್ಲು ಹಾಕ್ಲಾ ಮೇಡಂ?”

“ತಡಿಯಪ್ಪ, ಇನ್ನೂ ಅರ್ಧ ಗಂಟೆ ಆಗಿಲ್ಲ,” ಎಂದರು.

ಗೋಡೆಯ ಗಡಿಯಾರದಲ್ಲಿ ಐದೂಕಾಲಾಗಿತ್ತು. ಜವಾನ ಅದನ್ನು ನೋಡಿದ, ಬೀಗವನ್ನು ತೊಡೆಯ ಮೇಲಿಟ್ಟುಕೊಂಡು ಹೊರಗಿನ ಸ್ಟೂಲಿನ ಮೇಲೆ ಕೂತ.